ಹಚ್ಚುವವರು, ಇಡುವವರು, ಕೆರೆಯುವವರು

ಸಾರ್ವಜನಿಕ ಗಡಿಯಾರಗಳ ಇಲಾಖೆಯ ಕ್ಯಾಂಟೀನಿನಲ್ಲಿ ಟೋಸ್ಟಿಗೆ ಬೆಣ್ಣೆ ಹಚ್ಚುವುದನ್ನು ನೌಕರರ ಆರೋಗ್ಯದ ಹಿತದೃಷ್ಟಿಯಿಂದ, ತಕ್ಷಣದಿಂದ ಜಾರಿಗೆ ಬರುವಂತೆ ನಿಷೇಧಿಸಲಾಯಿತು.

ಇದರ ಹಿನ್ನೆಲೆ ಸರಳವಾಗಿತ್ತು. ಇಲಾಖೆಯ ನಿರ್ದೇಶಕರು ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದರು. ವೈದ್ಯರು ವರದಿ ನೋಡಿ, ಕನ್ನಡಕ ತೆಗೆದು, "ಬೆಣ್ಣೆ ಬಿಡಿ" ಅಂದರು. ಹೇಳಿದ್ದು ನಿರ್ದೇಶಕರೊಬ್ಬರಿಗೇ ನಿಜ. ಆದರೆ ಮೇಲಿನವರಿಗೆ ಬಂದ ಸೂಚನೆಯನ್ನು ಕೆಳಗಿನವರಿಗೆ ರವಾನಿಸುವುದು ಇಲಾಖೆಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ನಿರ್ದೇಶಕರು ರವಾನಿಸಿದರು. ರವಾನಿಸಿದ ಮೇಲೆ ಆ ಸೂಚನೆ ತಮ್ಮ ಬಳಿ ಉಳಿದಿಲ್ಲವೆಂದು ಭಾವಿಸಿ, ಮನೆಯಲ್ಲಿ ಬೆಣ್ಣೆ ತಿನ್ನುವುದನ್ನು ಎಂದಿನಂತೆ ಮುಂದುವರಿಸಿದರು.

ಸುತ್ತೋಲೆಯನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಲಾಯಿತು. ಅದು ಹೀಗಿತ್ತು:

"ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಟೋಸ್ಟಿನ ಮೇಲೆ ಬೆಣ್ಣೆಯನ್ನಾಗಲಿ, ಹೆಸರಿನಲ್ಲಿ ಬೆಣ್ಣೆ ಎಂಬ ಪದವನ್ನು ಹೊಂದಿರುವ ಯಾವುದೇ ವಸ್ತುವನ್ನಾಗಲಿ ಬಳಸತಕ್ಕದ್ದಲ್ಲ. ಬದಲಿ ವಸ್ತುವನ್ನು ಸಮಿತಿಯೊಂದು ಆಯ್ಕೆ ಮಾಡತಕ್ಕದ್ದು. ತಿಂಗಳ ಕೊನೆಯೊಳಗೆ ಆಯ್ಕೆಯಾಗದಿದ್ದಲ್ಲಿ ಕ್ಯಾಂಟೀನನ್ನು ಅನಗತ್ಯವೆಂದು ಪರಿಗಣಿಸಿ ಮುಚ್ಚಲಾಗುವುದು."

ದೊಡ್ಡ ಗುಮಾಸ್ತರು ಇದನ್ನು ಓದಿದ್ದು ಕೈಯಲ್ಲಿ ಒಣ ಟೋಸ್ಟು ಹಿಡಿದುಕೊಂಡು. ದೊಡ್ಡ ಎನ್ನುವುದು ಅವರ ಹುದ್ದೆಗೆ ಸಂಬಂಧಿಸಿದ್ದು, ಆಳು ಸಣಕಲು. ಅಂಗಿಯ ಮೇಲಿನ ಗುಂಡಿಯನ್ನೂ ಬಿಡದೆ ಹಾಕುವವರು, ಯಾರಾದರೂ ಜೋರಾಗಿ ಸೀನಿದರೂ "ಕ್ಷಮಿಸಿ" ಎಂದು ತಾವೇ ಹೇಳುವವರು. ಮೂರನೆಯ ಮಹಡಿಯ ತುದಿಯಲ್ಲಿದ್ದ ಆ ಕ್ಯಾಂಟೀನೆಂದರೆ ಒಂದು ಕಿಟಕಿ, ಒಂದು ತಗಡಿನ ಮೇಜು, ಬ್ರೆಡ್ಡನ್ನು ಆಗಾಗ ನೆಲಕ್ಕೇ ಹಾರಿಸುವ ಒಂದು ಟೋಸ್ಟರು, ಮತ್ತು ಅಕ್ಕ. ಅಕ್ಕನಿಗೆ ಹೆಸರಿತ್ತು, ಆದರೆ ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಆಕೆ ಅಕ್ಕನೇ.

"ಇದನ್ನ ಯಾರು ತಿಂತಾರೆ ಸಾರ್?" ಎಂದು ಅಕ್ಕ ಟೋಸ್ಟನ್ನು ಮೇಜಿಗೆ ಕುಟ್ಟಿ ತೋರಿಸಿದಳು. ಟಕ್ ಟಕ್ ಅಂದಿತು. "ಕೇಳಿದ್ರಾ? ಬಾಗಿಲು ಬಡಿದ ಹಾಗಿದೆ. ಜನ ಹೊರಗಡೆ ಹೋಗಿ ತಿಂತಾರೆ. ತಿಂಗಳ ಕೊನೆಗೆ ನಾನೂ ಹೊರಗಡೆನೇ."

"ಹಾಗೆಲ್ಲ ಆಗಲ್ಲ ಅಕ್ಕ. ಸಮಿತಿ ಮಾಡ್ತಾರಂತಲ್ಲ."

"ಅದಕ್ಕೇ ಹೆದರಿಕೆ," ಅಂದಳು ಅಕ್ಕ.

ಮರುದಿನದ ಸಭೆಯಲ್ಲಿ ನಿರ್ದೇಶಕರು, "ಟೋಸ್ಟಿನ ಮೇಲೆ ಆರೋಗ್ಯಕರವಾದದ್ದು ಏನು ಹಾಕಬಹುದು?" ಎಂದು ಕೇಳಿದರು. ಎಲ್ಲರೂ ಅನುಭವಸ್ಥರಂತೆ ಮೇಜಿನ ಮರವನ್ನು ಪರಿಶೀಲಿಸಿದರು. ದೊಡ್ಡ ಗುಮಾಸ್ತರಿಗೆ ಮಾತ್ರ ಅಕ್ಕನ ಮುಖ ಕಣ್ಣ ಮುಂದೆ ಬಂದು, "ನಮ್ಮ ಮನೇಲಿ ಕಡಲೆಕಾಳು ಬೇಯಿಸಿ, ಅರೆದು ಹಚ್ತಾರೆ ಸಾರ್. ಮೇಲೆ ಟೊಮೇಟೊ ಬಿಲ್ಲೆ ಇಡ್ತಾರೆ," ಅಂದುಬಿಟ್ಟರು. ಬಾಯಿ ಬಿಟ್ಟವರನ್ನೇ ಸಂಚಾಲಕರನ್ನಾಗಿ ನೇಮಿಸುವುದು ವಾಡಿಕೆಯಾದ್ದರಿಂದ ಅವರನ್ನೇ ಸಂಚಾಲಕರನ್ನಾಗಿ ನೇಮಿಸಲಾಯಿತು.

ತಾಂತ್ರಿಕ ಅಧಿಕಾರಿ ಕೈ ಎತ್ತಿದರು. "ಹಚ್ತಾರೆ ಅಂದ್ರಿ, ಆಮೇಲೆ ಇಡ್ತಾರೆ ಅಂದ್ರಿ. ಇವೆರಡೂ ಒಂದೇ ಅಲ್ಲ. ಹಚ್ಚೋದು ಬೇರೆ, ಇಡೋದು ಬೇರೆ."

ಇಷ್ಟು ವರ್ಷ ಟೋಸ್ಟು ತಿಂದರೂ ಯಾರ ತಲೆಗೂ ಹೊಳೆಯದ ವಿಚಾರ ಅದು. ಚರ್ಚೆಯ ನಂತರ ಎರಡು ವಿಭಾಗಗಳನ್ನು ತೆರೆಯಲಾಯಿತು. ಗಡಿಯಾರದ ಚಕ್ರಗಳಿಗೆ ಎಣ್ಣೆ ಹಚ್ಚಿಸಿ ಅನುಭವವಿದ್ದ ತಾಂತ್ರಿಕ ಅಧಿಕಾರಿಗೆ ಹಚ್ಚುವ ವಿಭಾಗ ಸಿಕ್ಕಿತು. ವಸ್ತುಗಳನ್ನು ಒಂದು ಕಡೆ ಇಟ್ಟು ಮತ್ತೆ ಅವುಗಳ ಕಡೆ ತಿರುಗಿಯೂ ನೋಡದ ದಾಸ್ತಾನು ಅಧಿಕಾರಿಗೆ ಇಡುವ ವಿಭಾಗ. ವ್ಯಾಖ್ಯೆಗಳೂ ತಯಾರಾದವು. ಚಾಕುವಿನ ಚಪ್ಪಟೆ ಭಾಗದಿಂದ ಮೂಲೆಯಿಂದ ಮೂಲೆಗೆ ಸಾಗಿಸಬಹುದಾದದ್ದು ಹಚ್ಚುವ ವಸ್ತು. ಟೋಸ್ಟನ್ನು ವಾಲಿಸಿದಾಗ ಬಿದ್ದುಹೋಗುವಂಥದ್ದು ಇಡುವ ವಸ್ತು.

ಮೊದಲು ಪರಿಶೀಲನೆಗೆ ಬಂದದ್ದು ಬಾಳೆಹಣ್ಣು. ಬಿಲ್ಲೆಯಾಗಿ ಕತ್ತರಿಸಿದ್ದರಿಂದ ಅದು ನಿರ್ವಿವಾದವಾಗಿ ಇಡುವ ವಿಭಾಗಕ್ಕೆ ಸೇರಿತ್ತು. ದಾಸ್ತಾನು ಅಧಿಕಾರಿ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದರು. ಅಷ್ಟರಲ್ಲಿ ಅಕ್ಕ, ಬಿಲ್ಲೆ ಜಾರಬಾರದೆಂದು ಚಮಚದ ಬೆನ್ನಿನಿಂದ ಸುಮ್ಮನೆ ಒಂದು ಸಲ ಒತ್ತಿದಳು.

"ಅದು ಈಗ ನಂದು," ಅಂದರು ತಾಂತ್ರಿಕ ಅಧಿಕಾರಿ.

"ಹೇಗ್ರೀ ನಿಮ್ಮದು? ನನ್ನ ವಿಭಾಗದಲ್ಲಿ ಇದ್ದಾಗ ಒತ್ತಿದ್ದು!"

"ಒತ್ತಿದ ಮೇಲೆ ಹರಡಿಕೊಂಡಿದೆ ನೋಡಿ. ಹರಡಿದ್ದೆಲ್ಲ ಹಚ್ಚಿದ್ದೇ."

ಎರಡೂ ವಿಭಾಗಗಳ ನಡುವೆ ಪತ್ರವ್ಯವಹಾರ ನಡೆಯಿತು. ಬಾಳೆಹಣ್ಣು ಕಪ್ಪಾಯಿತು. ಕಪ್ಪಾದದ್ದು ಯಾವ ವಿಭಾಗದ ಅವಧಿಯಲ್ಲಿ ಎಂಬ ಬಗ್ಗೆ ಪ್ರತ್ಯೇಕ ಪತ್ರವ್ಯವಹಾರ ನಡೆಯಿತು. ಬೇಯಿಸಿದ ಮೊಟ್ಟೆಯ ವಿಚಾರದಲ್ಲಿ ಮಾತ್ರ ಇಬ್ಬರೂ ದೊಡ್ಡ ಮನಸ್ಸು ಮಾಡಿ, ಬಿಳಿಯ ಭಾಗ ಇಡುವವರಿಗೆ, ಹಳದಿ ಹಚ್ಚುವವರಿಗೆ ಎಂದು ಒಪ್ಪಿಕೊಂಡರು. ಆದರೆ ಎರಡನ್ನೂ ಬಿಡಿಸುವ ಅಧಿಕಾರ ಯಾರಿಗೂ ಇಲ್ಲದ್ದರಿಂದ ಮೊಟ್ಟೆಯನ್ನು ಸಿಪ್ಪೆಯ ಸಮೇತ ಹಿಂದಿರುಗಿಸಲಾಯಿತು.

ಜೇನುತುಪ್ಪ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಅದರ ಹೆಸರಿನಲ್ಲಿ ತುಪ್ಪವಿದೆ, ತುಪ್ಪವೆಂದರೆ ಕಾಯಿಸಿದ ಬೆಣ್ಣೆ, ಆದ್ದರಿಂದ ಜೇನುಹುಳುಗಳು ಸುತ್ತೋಲೆಯ ಆಶಯವನ್ನು ಉಲ್ಲಂಘಿಸಿವೆ ಎಂದು ಕಾನೂನು ಸಲಹೆಗಾರರು ಅಭಿಪ್ರಾಯಪಟ್ಟರು. ಬೆಣ್ಣೆಹಣ್ಣಿಗೂ ಅದೇ ಗತಿ. ಹಣ್ಣಿನಂಗಡಿಯವನು ಅದನ್ನು ತಂದು, ಸೀಳಿ, ಹಸಿರು ತಿರುಳು ತೋರಿಸಿ, "ಸಾರ್, ಇದರಲ್ಲಿ ಬೆಣ್ಣೆ ಎಲ್ಲಿದೆ? ಇದು ಮರದಲ್ಲಿ ಬಿಡುತ್ತೆ" ಎಂದು ಅಂಗಲಾಚಿದ. ಹೆಸರು ಬದಲಾಯಿಸಿಕೊಂಡು ಬರಬಹುದೆಂದು ಸಮಿತಿ ಸಹಾನುಭೂತಿಯಿಂದ ತಿಳಿಸಿತು. ಅವನು ಬುಟ್ಟಿ ಹೊತ್ತುಕೊಂಡು ಮೆಟ್ಟಿಲಿಳಿಯುತ್ತ ಏನೋ ಗೊಣಗಿದ್ದು ದೊಡ್ಡ ಗುಮಾಸ್ತರಿಗೆ ಸ್ಪಷ್ಟವಾಗಿ ಕೇಳಿಸಿತು. ಅದನ್ನು ಅವರು ನಡಾವಳಿಯಲ್ಲಿ ಸೇರಿಸಲಿಲ್ಲ.

ಈ ಹೊತ್ತಿಗೆ ಭಾಮೈದ ಬಂದ. ಅವನು ನಿರ್ದೇಶಕರ ಹೆಂಡತಿಯ ತಮ್ಮ. ಆದರೆ ಇಲಾಖೆಗೆ ಎಷ್ಟು ಸಲ ಬಂದುಹೋಗಿದ್ದನೆಂದರೆ ದ್ವಾರಪಾಲಕನೂ ಅವನನ್ನು ಭಾಮೈದ ಎಂದೇ ಕರೆಯುತ್ತಿದ್ದ. ಹಿಂದೆ ಗಡಿಯಾರದ ಮುಳ್ಳುಗಳನ್ನು ಸರಬರಾಜು ಮಾಡಿದ್ದವನು ಅವನೇ. ಜಪ್ಪಯ್ಯ ಅಂದರೂ ಅಲುಗಾಡದೆ ಒಂದೇ ಕಡೆ ನಿಲ್ಲುವ ಗಟ್ಟಿತನಕ್ಕೆ ಆ ಮುಳ್ಳುಗಳು ಹೆಸರಾಗಿದ್ದವು. ಈಗ ಅವನ ಕೈಯಲ್ಲಿ ಕೆಂಪು ಬಣ್ಣದ ಜಾಮಿನ ಬಾಟಲಿಯಿತ್ತು. ಮೇಲೆ 'ಆರೋಗ್ಯ' ಎಂದು ಮೂರು ಕಡೆ ಬರೆದಿತ್ತು.

ದೊಡ್ಡ ಗುಮಾಸ್ತರು ನಾಲಗೆಗೆ ಒಂದಿಷ್ಟು ಇಟ್ಟು ನೋಡಿದರು. ಹಲ್ಲು ಜುಮ್ಮೆಂದಿತು.

"ಸಾರ್, ಇದು ಬರೀ ಸಕ್ಕರೆ," ಅಂದರು ನಿರ್ದೇಶಕರಿಗೆ, ಆದಷ್ಟು ಮೆಲ್ಲಗೆ.

"ಹೆಸರಲ್ಲಿ ಸಕ್ಕರೆ ಅಂತ ಇದೆಯಾ?"

"ಇಲ್ಲ ಸಾರ್."

"ಆರೋಗ್ಯ ಅಂತ ಇದೆಯಾ?"

"ಇದೆ ಸಾರ್. ಮೂರು ಸಲ."

"ಮತ್ತೆ?" ಅಂದರು ನಿರ್ದೇಶಕರು.

ಅವತ್ತು ಸಂಜೆ ದೊಡ್ಡ ಗುಮಾಸ್ತರು ಮನೆಯಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರ ಹೆಂಡತಿ ಒಂದು ಪ್ರಾಥಮಿಕ ಶಾಲೆಯಲ್ಲಿ ಲೆಕ್ಕದ ಮೇಡಂ. ದಿನವಿಡೀ ಮಕ್ಕಳ ತಲೆಗೆ ಭಾಗಾಕಾರ ತುಂಬಿ ಬಂದವಳಿಗೆ ದೊಡ್ಡವರ ಸಮಸ್ಯೆಗಳೆಲ್ಲ ಸುಲಭವಾಗಿ ಕಾಣುತ್ತಿದ್ದವು.

"ಏನು, ಮುಖ ಒಣ ಟೋಸ್ಟಿನ ಹಾಗಿದೆ?"

ಅವರು ಎಲ್ಲವನ್ನೂ ಹೇಳಿದರು. ಬಾಳೆಹಣ್ಣು ಕಪ್ಪಾದದ್ದನ್ನು ಹೇಳುವಾಗ ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಅಕ್ಕನ ಕೆಲಸದ ವಿಚಾರ ಬಂದಾಗ ಸೆರಗು ಕೆಳಗಿಳಿಯಿತು.

"ನಿಮ್ಮವರೆಲ್ಲ ಬಾಯಲ್ಲಿ ತಿನ್ನೋದನ್ನ ತಲೆಯಲ್ಲಿ ತಿಂತಿದ್ದಾರೆ. ನಾಳೆ ನಾನೊಂದು ಡಬ್ಬಿ ಮಾಡಿ ಕೊಡ್ತೀನಿ. ಮಾತಾಡಬೇಡಿ. ತಿನ್ನಿಸಿ, ಅಷ್ಟೇ."

ಮರುದಿನ ಅವರು ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ನಿಂತೇ ಬಂದರು. ಅಕ್ಕ ಬ್ರೆಡ್ಡನ್ನು ಕೆಂಪಗೆ ಸುಟ್ಟು, ನುಣ್ಣಗೆ ಅರೆದ ಕಡಲೆಕಾಳನ್ನು ಅಂಚಿನವರೆಗೂ ಹಚ್ಚಿ, ಟೊಮೇಟೊ ಇಟ್ಟು, ಮೇಲೆ ಹುರಿದ ಎಳ್ಳು ಉದುರಿಸಿದಳು. ನಿಂಬೆರಸದ ಘಮ ಕಾರಿಡಾರಿನವರೆಗೆ ಹೋಯಿತು. ತಾಂತ್ರಿಕ ಅಧಿಕಾರಿ ಒಂದು ಕಚ್ಚಿ, ಮಾತಾಡಲು ಬಾಯಿ ತೆರೆದು, ಇನ್ನೊಂದು ಕಚ್ಚಿದರು. ದಾಸ್ತಾನು ಅಧಿಕಾರಿ ತಮಗೆ ಕೊಟ್ಟದ್ದನ್ನು ಇಡಲೇ ಇಲ್ಲ, ಒಂದೇ ಉಸಿರಿಗೆ ಮುಗಿಸಿದರು. ನಿರ್ದೇಶಕರು ತಿಂದು, ತಟ್ಟೆಯಲ್ಲಿ ಬಿದ್ದಿದ್ದ ಎಳ್ಳನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು ನೆಕ್ಕಿ, "ಇದಕ್ಕೇನು ತಕರಾರು?" ಎಂದು ಕೇಳಿದರು.

ತಕರಾರು ಇರಲಿಲ್ಲ. ಕಡಲೆಕಾಳು ಹಚ್ಚುವುದು, ಟೊಮೇಟೊ ಇಡುವುದು. ಎರಡೂ ವಿಭಾಗಗಳಿಗೆ ಸಮಪಾಲು. ಎಳ್ಳು ಉದುರಿಸುವಂಥದ್ದಾಗಿದ್ದರೂ ಅದಕ್ಕಾಗಿ ಇನ್ನೊಂದು ವಿಭಾಗ ತೆರೆಯುವ ವಿಚಾರವನ್ನು ಮುಂದಿನ ವರ್ಷಕ್ಕೆ ಬಿಡಲಾಯಿತು. ಲೇಪನ ಅನುಮೋದನೆಯಾಯಿತು. ಕ್ಯಾಂಟೀನು ಉಳಿಯಿತು. ಅಕ್ಕ ಯಾರಿಗೂ ಕಾಣದ ಹಾಗೆ ಟೋಸ್ಟರಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ದೊಡ್ಡ ಗುಮಾಸ್ತರು ಜೀವಮಾನದಲ್ಲೇ ಮೊದಲ ಸಲ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕುರ್ಚಿಗೆ ಒರಗಿದರು.

ಕಡಲೆಕಾಳು ಮತ್ತು ಟೊಮೇಟೊ ಸರಬರಾಜಿನ ಗುತ್ತಿಗೆಯನ್ನು, ಬಾಟಲಿ ತಂದು ಬರಿಗೈಯಲ್ಲಿ ಹೋಗಬೇಕಾಗಿ ಬಂದದ್ದಕ್ಕೆ ಮಾನವೀಯ ನೆಲೆಯಲ್ಲಿ ಭಾಮೈದನಿಗೆ ನೀಡಲಾಯಿತು.

ಕೆಲವು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆಮೇಲೆ ಕಡಲೆಕಾಳಿನ ಪದರ ತೆಳ್ಳಗಾಗುತ್ತ ಬಂತು. ಟೊಮೇಟೊ ಬಿಲ್ಲೆಯ ಆಚೆ ಏನು ಬರೆದಿದೆಯೆಂದು ಓದಬಹುದಾಗಿತ್ತು. ದೂರುಗಳು ಬಂದವು. ದೂರುಗಳನ್ನು ಇಲಾಖೆ ಗಂಭೀರವಾಗಿ ಪರಿಗಣಿಸಿತು. ಒಬ್ಬ ತಪಾಸಣಾಧಿಕಾರಿಯನ್ನು ನೇಮಿಸಿತು. ಬಂದವರು ಕಟ್ಟುನಿಟ್ಟಿನ ಮನುಷ್ಯ, ಸ್ವಂತ ತಕ್ಕಡಿ ತಂದಿದ್ದರು.

"ಪ್ರತಿ ಟೋಸ್ಟಿಗೂ ನಿಗದಿಯಾದಷ್ಟು ಬಿದ್ದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?" ಎಂದು ಅವರು ಕೇಳಿದರು.

"ತೂಕ ಮಾಡಿದ್ರೆ ಗೊತ್ತಾಗುತ್ತೆ ಸಾರ್," ಅಂದರು ದೊಡ್ಡ ಗುಮಾಸ್ತರು.

"ಟೋಸ್ಟಿನ ಜೊತೆ ತೂಗಿದ್ರೆ ಟೋಸ್ಟಿನ ತೂಕವೂ ಸೇರುತ್ತಲ್ಲ? ಒಂದು ದಪ್ಪ, ಒಂದು ತೆಳು. ಮೇಲಿರೋದನ್ನ ಕೆರೆದು ತೂಗಬೇಕು."

ಅಂದಿನಿಂದ ಅಕ್ಕ ಹಚ್ಚುತ್ತಿದ್ದಳು, ಮೇಲೆ ಇಡುತ್ತಿದ್ದಳು; ತಪಾಸಣಾಧಿಕಾರಿ ಅದನ್ನು ಚಾಕುವಿನಿಂದ ಕೆರೆದು ತಕ್ಕಡಿಗೆ ಹಾಕಿ, "ಸರಿಯಾಗಿದೆ" ಎಂದು ಕೂಗಿ ಹೇಳುತ್ತಿದ್ದರು. ಇಲ್ಲಿಯವರೆಗೆ ಯಾರಿಗೂ ಅಭ್ಯಂತರವಿರಲಿಲ್ಲ. ಕೆರೆದದ್ದನ್ನು ಮತ್ತೆ ಟೋಸ್ಟಿಗೆ ಹಚ್ಚಲು ಅಕ್ಕ ಚಾಕು ಎತ್ತಿದಾಗ ದಾಸ್ತಾನು ಅಧಿಕಾರಿ ತಡೆದರು. ತೂಕವಾದ ವಸ್ತು ನಿಯಮದ ಪ್ರಕಾರ ದಾಸ್ತಾನಿಗೆ ಜಮಾ ಆಗಬೇಕು. ದಾಸ್ತಾನಿನಿಂದ ಹೊರಗೆ ಬರಬೇಕಾದರೆ ಮರುದಿನದ ಬೇಡಿಕೆ ಬೇಕು.

ಹೀಗೆ ಸಿಬ್ಬಂದಿಯ ಕೈಗೆ ಒಣ ಟೋಸ್ಟು ಬಂತು. ಆದರೆ ಇದು ಮೊದಲಿನ ಒಣ ಟೋಸ್ಟಲ್ಲ. ಮೊದಲಿನದಕ್ಕೆ ಏನೂ ಹಚ್ಚಿರಲಿಲ್ಲ. ಇದಕ್ಕೆ ಹಚ್ಚಿ, ಇಟ್ಟು, ತೂಗಿ, ಪ್ರಮಾಣೀಕರಿಸಲಾಗಿತ್ತು.

ದೊಡ್ಡ ಗುಮಾಸ್ತರು ಮನೆಗೆ ಹೋದರೆ ಹೆಂಡತಿ ದಿನವೂ ಬಾಗಿಲಲ್ಲೇ ಕೇಳುತ್ತಿದ್ದಳು: "ಇವತ್ತು ಎಲ್ಲರಿಗೂ ಹಚ್ಚಿ ಕೊಟ್ರಾ?"

"ಎಲ್ಲರಿಗೂ ಹಚ್ಚಿದ್ರು," ಅನ್ನುತ್ತಿದ್ದರು ಅವರು. ಸುಳ್ಳೇನೂ ಆಗಿರಲಿಲ್ಲ.

ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ನಿರ್ದೇಶಕರ ಕೋಣೆಗೆ ನುಗ್ಗಿದರು. ನುಗ್ಗಿದರು ಅಂದರೆ, ಬಾಗಿಲು ತಟ್ಟಿ, ಕರೆಯುವವರೆಗೆ ನಿಂತು, ಒಳಗೆ ಹೋದರು.

"ಸಾರ್, ಜನ ತಿನ್ನಲಿ ಅಂತ ಹಚ್ಚಿದ್ದನ್ನ ಜನ ತಿನ್ನೋಕೆ ಮುಂಚೆನೇ ಕೆರೆದುಬಿಡ್ತಿದ್ದಾರೆ. ಇದು ಸರಿಯಲ್ಲ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ ಸಾರ್."

ನಿರ್ದೇಶಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಕಣ್ಣಲ್ಲಿ ಮೆಚ್ಚುಗೆಯಿತ್ತು. "ಕೆರೆಯೋದರ ಬಗ್ಗೆ ಇಷ್ಟು ಆಳವಾಗಿ ಯೋಚನೆ ಮಾಡಿರೋರು ಇಡೀ ಇಲಾಖೆಯಲ್ಲಿ ನೀವೊಬ್ಬರೇ ಕಣ್ರೀ."

ಆ ವಾರವೇ ಕೆರೆಯುವ ವಿಭಾಗವನ್ನು ತೆರೆಯಲಾಯಿತು. ದೊಡ್ಡ ಗುಮಾಸ್ತರನ್ನು ಬಡ್ತಿ ನೀಡಿ ಅದರ ಅಧೀಕ್ಷಕರನ್ನಾಗಿ ಮಾಡಲಾಯಿತು. ಕಿಟಕಿಯ ಪಕ್ಕದ ಕೋಣೆ, ತಿರುಗುವ ಕುರ್ಚಿ, ಮೇಜಿನ ಮೇಲೆ ಫೋನು. ಫೋನೆತ್ತಿ "ಕೆರೆಯುವ ವಿಭಾಗ, ಹೇಳಿ" ಅಂದಾಗ ಆಚೆ ಕಡೆಯವರು ತಪ್ಪು ನಂಬರೆಂದು ಇಟ್ಟುಬಿಡುತ್ತಿದ್ದರು. ಬಡ್ತಿ ಬೇಡವೆನ್ನಲು ಅವರು ಒಂದು ಬೆಳಿಗ್ಗೆ ಹೊರಟಿದ್ದುಂಟು. ದಾರಿಯಲ್ಲಿ ಅಕ್ಕ ಸಿಕ್ಕಳು.

"ಸಾರ್, ದಯವಿಟ್ಟು ಏನೂ ಬದಲಾಯಿಸಬೇಡಿ," ಅಂದಳು. "ನೀವು ಬಾಯಿ ತೆಗೆದ್ರೆ ಇನ್ನೊಂದು ಸಮಿತಿ ಆಗುತ್ತೆ. ಆಮೇಲೆ ಕ್ಯಾಂಟೀನೇ ಇರಲ್ಲ. ಹಚ್ಚೋದು ನನ್ನ ಕೆಲಸ. ಹಚ್ತೀನಿ. ಕೆರೆದುಕೊಳ್ಳಲಿ ಬಿಡಿ."

ಅವರು ಅಲ್ಲಿಂದಲೇ ಹಿಂದಿರುಗಿದರು.

ದಾಸ್ತಾನಿಗೆ ಹೋದ ಕಡಲೆಕಾಳು ಮರುದಿನ ಕ್ಯಾಂಟೀನಿಗೆ ಬರುತ್ತಿತ್ತು, ಹಚ್ಚಿಸಿಕೊಳ್ಳುತ್ತಿತ್ತು, ಕೆರೆಸಿಕೊಳ್ಳುತ್ತಿತ್ತು, ಹಿಂದಿರುಗುತ್ತಿತ್ತು. ಕಡಲೆಕಾಳಿಗೆ ಇದು ಒಗ್ಗಲಿಲ್ಲ. ಅದು ಹುಳಿ ವಾಸನೆ ಬೀರತೊಡಗಿತು. ಟೊಮೇಟೊ ಬಿಲ್ಲೆಗಳು ಮೆತ್ತಗಾಗಿ, ಇಡುವ ವಿಭಾಗದಿಂದ ಹಚ್ಚುವ ವಿಭಾಗಕ್ಕೆ ತಾವಾಗಿಯೇ ವರ್ಗವಾದವು. ತೂಕದಲ್ಲಿ ವ್ಯತ್ಯಾಸ ಬಂತು. ತಪಾಸಣಾಧಿಕಾರಿ ಆಕ್ಷೇಪಣೆ ಎತ್ತಿದರು.

ಭಾಮೈದ ಮತ್ತೆ ಬಂದ. ಅವನ ಪ್ರಶ್ನೆ ನೇರವಾಗಿತ್ತು. "ಅಲ್ಲ ಭಾವ, ಇದನ್ನ ಯಾರೂ ತಿಂತಿಲ್ಲ. ತಿನ್ನದೇ ಇರೋದು ತಿನ್ನೋ ಹಾಗಿರಬೇಕು ಅಂತ ಯಾಕೆ ಹಟ?"

ಈ ಪ್ರಶ್ನೆ ನ್ಯಾಯಸಮ್ಮತವಾದದ್ದೆಂದು ನಡಾವಳಿಯಲ್ಲಿ ದಾಖಲಿಸಲಾಯಿತು. ಹಾಗಾಗಿ ಕಡಲೆಕಾಳಿನ ಬದಲು ಅದೇ ಬಣ್ಣದ ಮೆತ್ತನೆಯ ಮೇಣವನ್ನೂ, ಟೊಮೇಟೊ ಬದಲು ಬೀಜಗಳ ಸಮೇತ ಅಂದವಾಗಿ ಎರಕ ಹೊಯ್ದ ಕೆಂಪು ಬಿಲ್ಲೆಗಳನ್ನೂ ಸರಬರಾಜು ಮಾಡಲಾಯಿತು. ಮೇಣ ಹಳಸುವುದಿಲ್ಲ, ತೂಕ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗುವುದಿಲ್ಲ. ತಾಜಾ ಕಡಲೆಕಾಳಿನ ಬಿಲ್ಲು ಮಾತ್ರ ದಿನಂಪ್ರತಿ ಬರುತ್ತಲೇ ಇತ್ತು. ಭಾಮೈದನ ಆರೋಗ್ಯ ಕಣ್ಣಿಗೆ ಕಾಣುವಂತೆ ಸುಧಾರಿಸಿತು.

ಒಂದು ರಾತ್ರಿ ಊಟದ ಹೊತ್ತಿಗೆ ದೊಡ್ಡ ಗುಮಾಸ್ತರು ಹೆಂಡತಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದರು. ಆಕೆ ಸೌಟು ಕೆಳಗಿಟ್ಟಳು.

"ಮೇಣಾನಾ?"

"ಮೇಣ."

"ನನ್ನ ಡಬ್ಬಿಯಿಂದ ಶುರುವಾಗಿ ಮೇಣಕ್ಕೆ ಬಂತಾ?"

"ಹಂತ ಹಂತವಾಗಿ ಬಂತು. ಒಂದು ಹಂತದಲ್ಲೂ ಯಾರೂ ನಿಯಮ ಮೀರಲಿಲ್ಲ."

ಆಕೆ ಕೆಂಡವಾಗುತ್ತಾಳೆ ಅಂದುಕೊಂಡಿದ್ದರು. ಆಕೆ ಗಂಡನ ಮುಖ ನೋಡಿದಳು. ಲೆಕ್ಕ ತಪ್ಪಾದರೂ ಉತ್ತರ ಸರಿ ಬರೆದ ಹುಡುಗರನ್ನು ನೋಡುವ ನೋಟ ಅದು. ಆಮೇಲೆ, "ಹೋಗಲಿ, ಆ ಅಕ್ಕನ ಕೆಲಸ ಉಳೀತಲ್ಲ. ನಾಳೆಯಿಂದ ಮನೇಲೇ ಇನ್ನೊಂದು ಟೋಸ್ಟು ಜಾಸ್ತಿ ತಿಂದು ಹೋಗಿ," ಎಂದು ಅನ್ನ ಬಡಿಸಿದಳು.

ಇಲಾಖೆಯಲ್ಲಿ ಈಗ ಯಾರೂ ಗೊಣಗುವುದಿಲ್ಲ. ನಿಜ ಹೇಳಬೇಕೆಂದರೆ, ಒಣ ಟೋಸ್ಟು ತಿಂದು ತಿಂದು ಹಲವರ ಹೊಟ್ಟೆ ಕರಗಿದೆ. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡವರಿದ್ದಾರೆ. ಈ ಯಶಸ್ಸನ್ನು ಕಡಲೆಕಾಳಿನ ಪೌಷ್ಟಿಕತೆಗೆ ಸಲ್ಲಿಸಿ ವಾರ್ಷಿಕ ವರದಿ ಪ್ರಕಟವಾಯಿತು. ಬೇರೆ ಇಲಾಖೆಗಳವರು ಬಂದು ನೋಡಿಕೊಂಡು ಹೋಗುತ್ತಾರೆ. ಅಕ್ಕ ಮೇಣ ಹಚ್ಚುವುದರಲ್ಲಿ ಎಷ್ಟು ನುರಿತಿದ್ದಾಳೆಂದರೆ, ಅಂಚಿನಲ್ಲಿ ಚಾಕು ತಿರುಗಿಸಿ ಒಂದು ಸಣ್ಣ ಸುಳಿ ಮೂಡಿಸುತ್ತಾಳೆ. ಈಗ ಅಧೀಕ್ಷಕರಾಗಿರುವ ದೊಡ್ಡ ಗುಮಾಸ್ತರು ಅದನ್ನು ಕೆರೆಯುವಾಗ ಕ್ಷಣಕಾಲ ಕೈ ತಡೆದು ನೋಡುತ್ತಾರೆ.

ಕಳೆದ ವಾರ ವರ್ಗವಾಗಿ ಬಂದ ಹೊಸ ಟೈಪಿಸ್ಟು ಸಾಲಿನಲ್ಲಿ ನಿಂತಿದ್ದಳು. ಅವಳ ಟೋಸ್ಟಿಗೆ ಹಚ್ಚಿದರು, ಇಟ್ಟರು, ಕೆರೆದರು, ತೂಗಿದರು, "ಸರಿಯಾಗಿದೆ" ಎಂದರು. ಅವಳು ತಟ್ಟೆಯನ್ನು ಒಮ್ಮೆ, ಅಧೀಕ್ಷಕರನ್ನು ಒಮ್ಮೆ ನೋಡಿದಳು.

"ಸಾರ್, ಇದರ ಮೇಲೆ ಏನೂ ಇಲ್ಲವಲ್ಲ?"

"ಇತ್ತಲ್ಲಮ್ಮ," ಅಂದರು ಅಧೀಕ್ಷಕರು, ಬಹಳ ಮೃದುವಾಗಿ. "ನಿಮ್ಮ ಕಣ್ಣೆದುರಿಗೇ ಇತ್ತು."

ಹಿಂದೆ ನಿಂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಅವಳು ಒಂದು ತುಂಡು ಕಚ್ಚಿದಳು. ಕರಕರ ಸದ್ದಾಯಿತು. ನಿಧಾನವಾಗಿ ಅಗಿದಳು, ಇನ್ನೊಂದು ತುಂಡು ಕಚ್ಚಿದಳು.

"ಹೌದು ಸಾರ್," ಅಂದಳು. "ಟೊಮೇಟೊ ಸ್ವಲ್ಪ ಹುಳಿ ಜಾಸ್ತಿ."

ಅದನ್ನು ಸರಿಪಡಿಸುವಂತೆ ಇಡುವ ವಿಭಾಗಕ್ಕೆ ಅಂದೇ ಸೂಚಿಸಲಾಯಿತು.